ಮನೆಯಲ್ಲೇ ಎಂಜಿನ್ ಬೇಯಿಸುವ ಸರಳ ವಿಧಾನ

ರೇಡಿಯೇಟರ್ ತೊಳೆದು ಹೊಸ ಕೂಲೆಂಟ್ ತುಂಬಿಸಲು ಗ್ಯಾರೇಜಿಗೆ ದುಡ್ಡು ಕೊಡುವವರು ತೆಂಗಿನಕಾಯಿ ಒಡೆಯಲೂ ಆಳು ಕರೆಯುವ ಜನ. ನೀವು ಅಂಥವರಲ್ಲ. ಈ ಕೆಲಸಕ್ಕೆ ಬೇಕಾದದ್ದೆಲ್ಲ ನಿಮ್ಮ ಮನೆಯಲ್ಲೇ ಇದೆ: ಒಂದು ಕಟಿಂಗ್ ಪ್ಲೇಯರ್, ಗಿಡಕ್ಕೆ ನೀರು ಬಿಡುವ ಪೈಪು, ಅಡುಗೆಮನೆಯ ಮಸಿಬಟ್ಟೆ, ಬಚ್ಚಲಿನ ಮಗ್ಗು. ಕಾರಿನ ಜೊತೆ ಬಂದ ಕೈಪಿಡಿ ಪ್ಲಾಸ್ಟಿಕ್ ಕವರಿನೊಳಗೇ ಇರಲಿ. ಮುಂದೆ ಕಾರು ಮಾರುವಾಗ ಹೊಸದಾಗಿ ಉಳಿದಿರುವುದು ಅದೊಂದೇ.

ಮೊದಲು ಮುಹೂರ್ತ ನೋಡಿ. ಧರ್ಮಸ್ಥಳಕ್ಕೆ ಹೊರಡುವ ಹಿಂದಿನ ಸಂಜೆಗಿಂತ ಪ್ರಶಸ್ತ ಸಮಯವಿಲ್ಲ. ವಾರದ ಮುಂಚೆ ಮಾಡಿದಿರೋ, ಎಲ್ಲಿ ಸೋರುತ್ತಿದೆ ಎಂಬುದು ಬೆಂಗಳೂರಿನಲ್ಲೇ ಗೊತ್ತಾಗಿ ಪ್ರವಾಸದ ಸ್ವಾರಸ್ಯ ಹಾಳಾಗುತ್ತದೆ. ತರಕಾರಿಯ ನೆಪದಲ್ಲಿ ಕಾರನ್ನು ಒಂದು ಸುತ್ತು ಓಡಿಸಿ ಬನ್ನಿ. ನಿಲ್ಲಿಸಿದ ತಕ್ಷಣ ಬಾನೆಟ್ ಎತ್ತಿ. ಎಂಜಿನ್ ತಣ್ಣಗಾಗಲು ಒಂದೆರಡು ಗಂಟೆ ಬೇಕು. ಅಷ್ಟರಲ್ಲಿ ಉತ್ಸಾಹ ತಣ್ಣಗಾದರೆ?

ಈಗ ರೇಡಿಯೇಟರಿನ ಮುಚ್ಚಳ. ಬಿಸಿಯಿದ್ದಾಗ ತೆರೆಯಬಾರದು ಎಂದು ಅದರ ಮೇಲೆ ಬರೆದಿರುತ್ತದೆ. ಅದು ಬೇರೆಯವರಿಗೆ. ಓಡಿ ಬಂದ ಎಂಜಿನ್ನಿನೊಳಗೆ ಕೂಲೆಂಟ್ ಸುಮಾರು 90 ಡಿಗ್ರಿಯಲ್ಲಿರುತ್ತದೆ. ಮುಚ್ಚಳದ ಸ್ಪ್ರಿಂಗು ಒಂದು ಬಾರ್ ಆಸುಪಾಸಿನ ಒತ್ತಡ ಹಿಡಿದಿಡುವುದರಿಂದ 100 ದಾಟಿದರೂ ಕುದಿಯದೆ ಸುಮ್ಮನಿರುತ್ತದೆ. ಕುಕ್ಕರಿನದೂ ಇದೇ ತತ್ವ. ಪ್ರೆಷರ್ ಇಳಿಯುವ ಮೊದಲೇ ಕುಕ್ಕರ್ ತೆರೆದು ಸೂರಿಗೆ ಬೇಳೆ ಬಳಿದ ಅನುಭವ ನಿಮಗಿದ್ದರೆ ಅರ್ಧ ಪಾಠ ಮುಗಿದಂತೆ. ಮಸಿಬಟ್ಟೆ ಹಿಡಿಯಿರಿ, ಮುಖವನ್ನು ಮುಚ್ಚಳದ ನೇರಕ್ಕೆ ತನ್ನಿ, ಒಂದೇ ಸಲಕ್ಕೆ ತಿರುಗಿಸಿ. ಒತ್ತಡ ಹೋದ ಗಳಿಗೆಗೆ ಒಳಗಿನದು ಕುದ್ದು ಮೇಲೆ ಚಿಮ್ಮುತ್ತದೆ. ನೋಡಿ, ಪ್ಲಗ್ ಮುಟ್ಟದೆಯೇ ಅರ್ಧ ಖಾಲಿಯಾಯಿತು. ಸುಟ್ಟ ಜಾಗಕ್ಕೆ ಟೂತ್‌ಪೇಸ್ಟ್ ಹಚ್ಚಿಕೊಳ್ಳಿ. ಆ ಮದ್ದು ಕೊಟ್ಟವರೂ ನಮ್ಮಂಥ ಪರಿಣತರೇ.

ಉಳಿದ ಅರ್ಧಕ್ಕೆ ರೇಡಿಯೇಟರಿನ ತಳದಲ್ಲಿ ಪುಟ್ಟ ಪ್ಲಾಸ್ಟಿಕ್ ಪ್ಲಗ್ ಇದೆ. ಕೈಯಲ್ಲೇ ಬಿಚ್ಚುವಂತೆ ಮಾಡಿರುತ್ತಾರೆ. ನೀವು ಕಟಿಂಗ್ ಪ್ಲೇಯರ್ ಹಾಕಿ ತಿರುವಿ. ಟಕ್ಕೆಂದು ತಲೆ ಮುರಿದರೆ ಗಾಬರಿ ಬೇಡ. ಎಂ-ಸೀಲ್ ಇರುವುದು ಮತ್ಯಾಕೆ?

ಕೆಳಗೆ ಬಕೆಟ್ ಇಡಬೇಡಿ. ಹಸಿರು ನೀರು ಪಾರ್ಕಿಂಗಿನ ನೆಲದ ಮೇಲೆ ಹರಿದು, ಗೇಟಿನ ಹತ್ತಿರದ ತಗ್ಗಿನಲ್ಲಿ ನಿಂತು, ತನಗೆ ತಿಳಿದಾಗ ಮೋರಿ ಸೇರಲಿ. ಕೂಲೆಂಟಿನ ಮುಖ್ಯ ದ್ರವ್ಯ ಎಥಿಲೀನ್ ಗ್ಲೈಕಾಲ್. ಅದು ಸಿಹಿ. ನೆಕ್ಕಿದ ನಾಯಿ ಮೊದಲು ಕುಡಿದವರಂತೆ ತೂರಾಡುತ್ತದೆ, ಆಮೇಲೆ ಸುಧಾರಿಸಿಕೊಂಡಂತೆ ಕಾಣುತ್ತದೆ, ಒಂದೆರಡು ದಿನದಲ್ಲಿ ಮೂತ್ರಪಿಂಡ ಕೈಕೊಡುತ್ತದೆ. ಕೆಲವು ಚಮಚ ಸಾಕು. ಗೇಟಿನ ಬಳಿ ಮಲಗುವ ಕಂದು ನಾಯಿಗೆ ನಿಮ್ಮ ಮಕ್ಕಳು ದಿನಾ ಬಿಸ್ಕತ್ತು ಹಾಕುತ್ತಾರೆ. ಅದಕ್ಕೆ ಸಿಹಿಯ ರುಚಿ ಮೊದಲೇ ಹತ್ತಿದೆ. ನೆಲ ತೊಳೆಯುವ ಕೆಲಸ ನಾಳೆಗಿರಲಿ.

ಇನ್ನು ಫ್ಲಶಿಂಗ್. ಎಂಜಿನ್ ಇನ್ನೂ ಬಿಸಿಯಿದೆಯಷ್ಟೆ. ಬೋರ್‌ವೆಲ್ಲಿನ ತಣ್ಣೀರನ್ನು ಪೈಪಿನಲ್ಲಿ ಸೀದಾ ಬಿಡಿ. ಕಾದ ಕಾವಲಿಗೆ ನೀರು ಚಿಮುಕಿಸಿದಾಗ ಬರುವ ಚುಂಯ್ ಸದ್ದು ದೋಸೆ ಹುಯ್ಯುವವರಿಗೆ ಗೊತ್ತು. ಕಾವಲಿ ತಡೆದುಕೊಳ್ಳುತ್ತದೆ. ಅಲ್ಯೂಮಿನಿಯಂ ಹೆಡ್ಡು ಸೊಟ್ಟಗಾಗುತ್ತದೆ, ಇಲ್ಲವೇ ಬಿರುಕು ಬಿಡುತ್ತದೆ. ಪಾಪ, ಅದರ ಸ್ವಭಾವವೇ ಹಾಗೆ.

ಎರಡು ನಿಮಿಷ ನೀರು ಬಿಟ್ಟರೆ ಸಾಕು. ಎಂಜಿನ್ನಿಗೂ ರೇಡಿಯೇಟರಿಗೂ ನಡುವೆ ಥರ್ಮೋಸ್ಟಾಟ್ ಎಂಬ ಕದವೊಂದಿದೆ. ಬಹುತೇಕ ಕಾರುಗಳಲ್ಲಿ 82ರಿಂದ 88 ಡಿಗ್ರಿಯ ಸುಮಾರಿಗೆ ತೆರೆದುಕೊಳ್ಳುತ್ತದೆ, ತಣ್ಣೀರು ತಗಲಿದೊಡನೆ ಮುಚ್ಚಿಕೊಳ್ಳುತ್ತದೆ. ಹಾಗಾಗಿ ನೀವು ತೊಳೆದದ್ದು ರೇಡಿಯೇಟರನ್ನು ಮಾತ್ರ. ಬ್ಲಾಕಿನೊಳಗಿನ ತುಕ್ಕುನೀರು ಕೂತಲ್ಲೇ ಕೂತಿದೆ. ನೀರು ತುಂಬಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಕದ ತೆರೆಯುವವರೆಗೆ ಎಂಜಿನ್ ಓಡಿಸಿ, ಆರಿದ ಮೇಲೆ ಖಾಲಿ ಮಾಡಿ, ತಿಳಿನೀರು ಬರುವ ತನಕ ಮತ್ತೆ ಮತ್ತೆ ಹಾಗೇ ಮಾಡುವ ಮೆಕ್ಯಾನಿಕ್‌ಗಳಿದ್ದಾರೆ. ಅವರಿಗೆ ಮನೆಮಠ ಇಲ್ಲ. ಕೆಳಗೆ ಬೀಳುವ ನೀರು ಹುಣಸೆರಸದ ಬಣ್ಣಕ್ಕೆ ಬಂದದ್ದೇ ನಿಲ್ಲಿಸಿ, ಕೈ ತೊಳೆದುಕೊಳ್ಳಿ.

ಈಗ ತುಂಬಿಸುವ ಘಟ್ಟ. ಇಲ್ಲಿ ಎರಡು ಮತಗಳಿವೆ. ಒಂದು, ನೀರಿನ ಮತ. ‘ಬೆಂಗಳೂರಲ್ಲಿ ಹಿಮ ಬೀಳುತ್ತಾ? ಆಂಟಿಫ್ರೀಜ್ ಯಾಕೆ?’ ಎಂದು ಕೇಳಿ, ಬೋರ್ ನೀರು ತುಂಬಿಸಿ. ಕೂಲೆಂಟ್ ಕುದಿಯುವ ಮಟ್ಟವನ್ನೂ ಏರಿಸುತ್ತದೆ, ತುಕ್ಕನ್ನೂ ತಡೆಯುತ್ತದೆ ಎಂದು ಯಾರಾದರೂ ಶುರುಮಾಡಿದರೆ ಮಾತು ಕ್ರಿಕೆಟ್ಟಿಗೆ ತಿರುಗಿಸಿ. ಗೀಸರಿನ ಕಾಯಿಲ್ ಬಿಚ್ಚಿದಾಗ ಬೆಳ್ಳಗೆ ಹಕ್ಕಳೆ ಕಟ್ಟಿರುತ್ತದಲ್ಲ, ಅದೇ ಸುಣ್ಣ ಎಂಜಿನ್ನಿನ ದಾರಿಗಳಲ್ಲೂ ಕಟ್ಟಿ ಶಾಖ ಹೊರಹೋಗದಂತೆ ಕಾಯುತ್ತದೆ.

ಇನ್ನೊಂದು, ದಾನಶೂರರ ಮತ. ನೀರು ಬೆರೆಸುವುದು ಹಾಲಿನವರ ಕಸುಬು ಎಂದು ಅಪ್ಪಟ ಕೂಲೆಂಟನ್ನೇ ಸುರಿಯುತ್ತಾರೆ. ಅರ್ಧಕ್ಕರ್ಧ ನೀರು ಬೆರೆತ ಗ್ಲೈಕಾಲ್ ಸುಮಾರು ಮೈನಸ್ 37 ಡಿಗ್ರಿಯವರೆಗೆ ಹೆಪ್ಪುಗಟ್ಟದು. ಅಪ್ಪಟವಾದದ್ದು ಮೈನಸ್ 13ರ ಹೊತ್ತಿಗೇ ಗಟ್ಟಿ. ಶಾಖ ಹೊರುವುದರಲ್ಲೂ ಅದು ನೀರಿಗಿಂತ ಹಿಂದೆ. ಎರಡು ಮತದವರೂ ಕೊನೆಗೆ ಸೇರುವುದು ಒಂದೇ ಗ್ಯಾರೇಜನ್ನು, ಹಾಗಾಗಿ ಜಗಳ ಬೇಡ. ಅಂಗಡಿಯಲ್ಲಿ ನೀರು ಬೆರೆಸಿ ಬಳಸುವ ಡಬ್ಬಿಯೂ ಸಿಗುತ್ತದೆ, ನೇರವಾಗಿ ಬಳಸುವುದೂ ಸಿಗುತ್ತದೆ. ಬೆರೆಸಬೇಕಾದದ್ದನ್ನು ನೇರ ಸುರಿಯಿರಿ, ನೇರದ್ದಕ್ಕೆ ನೀರು ಬೆರೆಸಿ. ಹಳೆಯ ಹಸಿರು ಅರ್ಧ ಡಬ್ಬಿ ಅಟ್ಟದ ಮೇಲಿದ್ದು, ಅಂಗಡಿಯವನು ಗುಲಾಬಿ ಕೊಟ್ಟರೆ ಎರಡನ್ನೂ ಸೇರಿಸಿಬಿಡಿ. ಒಳಗಿನ ರಾಸಾಯನಿಕಗಳು ಒಂದಕ್ಕೊಂದು ಒಗ್ಗದಿದ್ದರೆ ಗಂಜಿಯಂತೆ ಗಟ್ಟಿಯಾಗಿ ಕೊಳವೆಗಳಲ್ಲಿ ಕೂರುತ್ತದೆ. ಗಂಜಿ ತಂಪು ಎಂದು ಹಿರಿಯರು ಹೇಳಿಲ್ಲವೇ?

ಮಗ್ಗಿನಲ್ಲಿ ಸರಸರ ಸುರಿದು ಮುಚ್ಚಳ ಬಿಗಿಯಿರಿ. ಎಂಜಿನ್ ಓಡಿಸಿ, ಗುಳ್ಳೆ ಬರುವುದು ನಿಂತ ಮೇಲೆ ಮಟ್ಟ ನೋಡಿ ಮತ್ತೆ ತುಂಬಿಸುವ ಗೋಜು ಬೇಡ. ಸಿಕ್ಕಿಕೊಂಡ ಗಾಳಿ ಒಳಗೇ ಇರಲಿ. ಅದರಿಂದ ಒಂದು ಸುಖವಿದೆ. ಟೆಂಪರೇಚರ್ ಸೆನ್ಸರ್ ದ್ರವದಲ್ಲಿ ಮುಳುಗಿದ್ದರಷ್ಟೇ ನಿಜ ಹೇಳುತ್ತದೆ. ಸುತ್ತ ಗಾಳಿಯಿದ್ದರೆ ಒಳಗೆ ಬೆಂಕಿಯಿದ್ದರೂ ಡ್ಯಾಶ್‌ಬೋರ್ಡಿನ ಮುಳ್ಳು ಯೋಗಿಯಂತೆ ಕೆಳಗೇ ಕೂತಿರಬಹುದು. ನೆಮ್ಮದಿಯ ಪ್ರಯಾಣಕ್ಕೆ ಇನ್ನೇನು ಬೇಕು?

ಮುರಿದ ಪ್ಲಗ್ಗಿನ ಹತ್ತಿರ ಹನಿ ಜಿನುಗುತ್ತಿದೆಯೇ? ಅರಿಶಿನ ತನ್ನಿ. ಹಳೆಯ ಲಾರಿ ಡ್ರೈವರುಗಳು ಹೆದ್ದಾರಿಯಲ್ಲಿ ಸೋರುವ ರೇಡಿಯೇಟರಿಗೆ ಒಂದು ಹಿಡಿ ಅರಿಶಿನ ಹಾಕಿ ಹೇಗೋ ಗ್ಯಾರೇಜ್ ಮುಟ್ಟುತ್ತಿದ್ದರು. ಅವರ ಅರಿಶಿನ ಗ್ಯಾರೇಜಿನವರೆಗೆ. ನಿಮ್ಮದು ಶಾಶ್ವತ, ಎರಡು ಹಿಡಿ ಹಾಕಿ. ಅದು ತೂತನ್ನೂ ಮುಚ್ಚುತ್ತದೆ, ರೇಡಿಯೇಟರಿನ ಸಣ್ಣ ನಾಳಗಳನ್ನೂ ಮುಚ್ಚುತ್ತದೆ. ಭೇದಭಾವವಿಲ್ಲ.

ಬೆಳಗ್ಗೆ ಹೊರಡಿ. ಹೋಗುವಾಗ ಚಾರ್ಮಾಡಿ ಘಾಟಿ ಇಳಿಜಾರು, ಎಂಜಿನ್ನಿಗೆ ಹೊರೆಯಿಲ್ಲ; ‘ನೋಡಿದ್ಯಾ, ನಾನೇ ಮಾಡಿದ್ದು’ ಎಂದು ಹೆಂಡತಿಗೆ ಹೇಳಬೇಕಾದ ಜಾಗ ಇದೇ. ಇನ್ನೊಂದು ಸಿಗುವುದಿಲ್ಲ. ಮಂಜುನಾಥನ ದರ್ಶನ ಮುಗಿಸಿ ಉಜಿರೆ ದಾಟಿ ಹತ್ತುವಾಗ ಐದು ಜನರಿರಲಿ, ಎ.ಸಿ. ಇರಲಿ, ಎರಡನೇ ಗೇರಿರಲಿ. ಹಿಂದಿನ ಸೀಟಿನಿಂದ ಮಾವನವರು, ‘ಅಳಿಯಂದ್ರೇ, ಏನೋ ಸಿಹಿ ವಾಸನೆ ಬರ್ತಿದೆಯಲ್ಲ?’ ಎಂದರೆ, ‘ಘಾಟಿಯ ಕಾಡುಹೂವು, ಮಾವ’ ಅನ್ನಿ. ಬಾನೆಟ್ಟಿನ ಸಂದಿಯಲ್ಲಿ ಬಿಳಿ ಹೊಗೆ ಕಂಡರೆ, ಮಲೆನಾಡಿನ ಮಂಜು. ಈ ಹೊತ್ತಿನಲ್ಲಿ ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ಸುಮ್ಮನೆ ಕಾಯುವವರೂ ಇದ್ದಾರೆ. ಅಂಥವರು ಸಂಜೆಗೆ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುತ್ತಾರೆ. ನೀವು ಇನ್ನೊಂದು ತಿರುವು ನೋಡೋಣ ಎಂದು ಆಕ್ಸಿಲರೇಟರ್ ಒತ್ತಿ.

ಟೋ ಮಾಡಿಸಿಕೊಂಡು ಮೂಡಿಗೆರೆ ಸೇರಿದ ಮೇಲೆ ಗಂಭೀರವಾಗಿರಿ. ಮೆಕ್ಯಾನಿಕ್ ಆಯಿಲ್ ಮುಚ್ಚಳ ಬಿಚ್ಚಿ, ಹಾಲು ಬೆರೆಸಿದ ಕಾಫಿಯಂಥದ್ದನ್ನು ಒರೆಸಿ ತೋರಿಸುತ್ತಾನೆ. ‘ಗ್ಯಾಸ್ಕೆಟ್ ಹೋಗಿದೆ ಸಾರ್. ಹೆಡ್ ಬೆಂಡಾಗಿರುತ್ತೆ, ಲೇತಿಗೆ ಕಳಿಸ್ಬೇಕು. ರೇಡಿಯೇಟರಿಗೆ ಏನು ಹಾಕ್ಸಿದ್ರಿ?’ ‘ಗೊತ್ತಿಲ್ಲಪ್ಪ, ಬೆಂಗಳೂರಲ್ಲಿ ಗ್ಯಾರೇಜಿನವರು ಮಾಡಿದ್ದು’ ಎಂದು ಹೇಳಿ. ಅವನು ತನ್ನ ಬೆರಳಿಗೆ ಅಂಟಿದ ಅರಿಶಿನ ನೋಡಿಕೊಂಡು ಏನೂ ಅನ್ನುವುದಿಲ್ಲ. ನೀವೂ ಏನೂ ಅನ್ನಬೇಡಿ. ಒಂದು ಡಬ್ಬಿ ಕೂಲೆಂಟಿನ ದುಡ್ಡು ಉಳಿದದ್ದನ್ನು ಮನಸ್ಸಿನಲ್ಲೇ ಲೆಕ್ಕ ಹಾಕಿ.

ಕಾರು ಅಲ್ಲೇ ಬಿಟ್ಟು ಬಸ್ಸು ಹಿಡಿದು ಮನೆಗೆ ಬನ್ನಿ. ಪಾರ್ಕಿಂಗಿನ ಹಸಿರು ಕಲೆ ಅಷ್ಟರಲ್ಲಿ ಒಣಗಿರುತ್ತದೆ. ಮಕ್ಕಳು ಬಿಸ್ಕತ್ತು ಹಿಡಿದು ಗೇಟಿನ ಬಳಿ ಸುತ್ತಮುತ್ತ ಹುಡುಕುತ್ತಿದ್ದರೆ, ಅದಕ್ಕೆ ವಯಸ್ಸಾಗಿತ್ತು ಎಂದು ಹೇಳಿ.