ಗುದ್ದಲಿ ಪಕ್ಕಕ್ಕಿಡಪ್ಪಾ

ಎರಡು ದಿನ ಬಿಡದೆ ಹುಯ್ದ ಆರಿದ್ರಾ ಮಳೆ ಶನಿವಾರ ಬೆಳಗ್ಗೆಯೇ ಹೊಳವಾಗಿತ್ತು. ಭಾನುವಾರ ಬೆಳಗ್ಗೆ ಸಾರಿನ ಒಗ್ಗರಣೆಗೆ ಕರಿಬೇವು ಕಿತ್ತುಕೊಳ್ಳೋಣ ಎಂದು ಹಿತ್ತಿಲಿಗೆ ಬಂದರೆ ಬೇಲಿಯಾಚೆಯಿಂದ ದಪ್, ದಪ್ ಎಂದು ಗುದ್ದಲಿ ಬೀಳುವ ಸದ್ದು. ನಮ್ಮದು ಮೈಸೂರಿನ ಹೊರವಲಯದ ಬಡಾವಣೆ. ಎರಡು ಮನೆಗಳ ಹಿತ್ತಿಲ ನಡುವೆ ಗೋಡೆಯಿಲ್ಲ, ದಾಸವಾಳದ ಸಾಲೇ ಬೇಲಿ. ಸಂದಿಯಲ್ಲಿ ಇಣುಕಿದೆ. ಪಕ್ಕದ ಮನೆ ಹುಡುಗ ಪ್ಯಾಂಟು ಮೊಣಕಾಲಿಗೆ ಮಡಚಿಕೊಂಡು, ಹೋದ ಮಳೆಗಾಲದಲ್ಲಿ ನೆಟ್ಟ ಮಲ್ಲಿಕಾ ಕಸಿಮಾವಿನ ಬುಡದಲ್ಲಿ ಹುಲ್ಲು ಅಗೆಯುತ್ತಿದ್ದ. ಗುದ್ದಲಿ ಬೀಳುವ ಜಾಗಕ್ಕೂ ಗಿಡದ ಕಾಂಡಕ್ಕೂ ನಡುವೆ ಒಂದು ಗೇಣೂ ಇರಲಿಲ್ಲ.

“ಏ, ತಡಿಯಪ್ಪಾ! ಮೊದಲು ಆ ಗುದ್ದಲಿ ಪಕ್ಕಕ್ಕಿಡು.”

“ಯಾಕಾಂಟಿ? ನೋಡಿ, ಹುಲ್ಲಲ್ಲಿ ಗಿಡಾನೇ ಕಾಣ್ತಿಲ್ಲ. ಇವತ್ತು ರಜಾ, ಎಲ್ಲಾನೂ ಬುಡಸಮೇತ ಎಬ್ಬಿಸಿಬಿಡೋಣ ಅಂತ.”

“ಹುಲ್ಲಿನ ಜೊತೆ ಮಾವಿನ ಬೇರೂ ಎದ್ದು ಬರುತ್ತೆ ಕಣೋ. ಇರು, ನಾನೇ ಬಂದೆ.”

ಕರಿಬೇವನ್ನು ಕಟ್ಟೆಯ ಮೇಲಿಟ್ಟು ಗೇಟು ಸುತ್ತಿ ಅವರ ಹಿತ್ತಿಲಿಗೆ ಹೋದೆ. ಕಾಂಡದಿಂದ ಒಂದೂವರೆ ಮೊಳ ದೂರದಲ್ಲಿ ಕೂತು, ಬೆರಳಿನಿಂದಲೇ ಮಣ್ಣು ಕೆದಕಿದೆ. ನಾಲ್ಕು ಬೆರಳು ಆಳಕ್ಕೆ ಹೋಗುವಷ್ಟರಲ್ಲಿ ಹೊಲಿಗೆ ದಾರದಷ್ಟು ಸಣ್ಣ, ಕಂದುಬಣ್ಣದ ಬೇರು ಸಿಕ್ಕಿತು. ತುದಿಯಲ್ಲಿ ಬಿಳಿ ಎಳೆ. “ಇದು ಹುಲ್ಲಿಂದಲ್ವಾ?” ಎಂದ. ಅಲ್ಲ, ಮಾವಿನದೇ. ಹುಲ್ಲಿನ ಬೇರು ಬೆಳ್ಳಗೆ, ಗೊಂಚಲಾಗಿ ಇರುತ್ತದೆ. ಇದು ಕಾಂಡದ ಕಡೆಗೆ ಹೋಗುತ್ತಾ ಹೋಗುತ್ತಾ ದಪ್ಪವಾಗುತ್ತದೆ. ಹುಡುಗನ ಮುಖ ಸಣ್ಣಗಾಯಿತು. ಅಷ್ಟು ಹೊತ್ತಿಗೆ ಅವನು ಒಂದು ಬದಿಯನ್ನು ಅಗೆದಾಗಿತ್ತು. ಮೂರು ಬದಿ ಉಳಿದಿವೆಯಲ್ಲ, ಗಿಡ ಬದುಕುತ್ತದೆ, ಹೆದರಬೇಡ ಎಂದೆ. ಕಿತ್ತ ಮಣ್ಣನ್ನು ವಾಪಸ್ ಎಳೆದು ಮೆಲ್ಲಗೆ ಒತ್ತಿದೆವು.

ನಮ್ಮಲ್ಲಿ ಬಹಳ ಜನ ತಿಳಿದುಕೊಂಡಿರುವುದು, ಮರ ಎಂದರೆ ತಾಯಿಬೇರು, ಅದು ನೆಟ್ಟಗೆ ಪಾತಾಳಕ್ಕೆ ಇಳಿಯುತ್ತದೆ, ಮೇಲೆ ಸ್ವಲ್ಪ ಕೆದಕಿದರೆ ಏನೂ ಆಗುವುದಿಲ್ಲ ಎಂದು. ತಾಯಿಬೇರು ಗಿಡವನ್ನು ಹಿಡಿದು ನಿಲ್ಲಿಸುತ್ತದೆ, ಸರಿ. ಆದರೆ ಮರ ಉಣ್ಣುವುದು ಕುಡಿಯುವುದೆಲ್ಲ ಈ ದಾರದಂಥ ಬೇರುಗಳಲ್ಲಿ, ಅವುಗಳಲ್ಲಿ ಹೆಚ್ಚಿನವು ಇರುವುದು ಮೇಲಿನ ಒಂದೂವರೆ ಅಡಿ ಮಣ್ಣಿನಲ್ಲಿ. ಗಾಳಿ, ತೇವ, ಗೊಬ್ಬರ ಎಲ್ಲ ಸಿಗುವುದು ಅಲ್ಲೇ ಅಲ್ಲವೇ? ಅಡಿಕೆಗಂತೂ ತಾಯಿಬೇರೇ ಇಲ್ಲ, ಎಲ್ಲವೂ ತಂತುಬೇರು. ನಿಂಬೆ, ಕಿತ್ತಳೆಯ ಬೇರು ಇನ್ನೂ ಮೇಲೆ. ಗುದ್ದಲಿ ತಾಗಿ ಗಾಯವಾದರೆ ಒದ್ದೆ ಮಣ್ಣಿನ ಶಿಲೀಂಧ್ರ ಅಲ್ಲಿಂದಲೇ ಒಳಗೆ ಹೊಕ್ಕು ಬೇರು ಕೊಳೆಯುತ್ತದೆ. ನರ್ಸರಿ ಚೀಲದಲ್ಲಿ ಬೆಳೆದ ಕಸಿಗಿಡದ ತಾಯಿಬೇರು ಎಷ್ಟೋ ಸಲ ಚೀಲದ ತಳ ತಾಗಿ ಸುರುಳಿ ಸುತ್ತಿರುತ್ತದೆ, ಇಲ್ಲವೇ ತುಂಡಾಗಿರುತ್ತದೆ. ಅಂಥ ಗಿಡಕ್ಕೆ ಪಕ್ಕದ ಬೇರುಗಳೇ ಜೀವ.

ಇದನ್ನೆಲ್ಲ ನಾನು ಒಂದು ಹಲಸಿನ ಗಿಡ ಕಳೆದುಕೊಂಡು ಕಲಿತೆ. ಈ ಮನೆಗೆ ಬಂದ ಹೊಸದರಲ್ಲಿ ನೆಟ್ಟದ್ದು. ಎರಡು ವರ್ಷಕ್ಕೆ ಎದೆಯೆತ್ತರ ಬಂದಿತ್ತು. ನಾನು ಊರಲ್ಲಿಲ್ಲದ ನಾಲ್ಕು ದಿನದಲ್ಲಿ, ಕೂಲಿಗೆ ಬಂದವರೊಬ್ಬರು ಗಿಡಕ್ಕೆ ಒಳ್ಳೆಯದಾಗಲಿ ಎಂದೇ ಕಳೆಯನ್ನೆಲ್ಲ ಅಗೆದು, ಸುತ್ತ ಒಂದಡಿ ಆಳದ ಪಾತಿ ಮಾಡಿಟ್ಟಿದ್ದರು. ನೋಡಲು ಚೊಕ್ಕಟವಾಗಿತ್ತು. ಹತ್ತು ದಿನಕ್ಕೆ ಮೇಲಿನ ಎಲೆ ಜೋತುಬಿದ್ದವು. ನೀರು ಸಾಲದಾಯಿತೇನೋ ಎಂದು ಕೊಡಗಟ್ಟಲೆ ಸುರಿದೆ. ಕುಡಿಯುವ ಬೇರೇ ಇಲ್ಲದ ಗಿಡ ನೀರನ್ನೇನು ಮಾಡೀತು? ತಿಂಗಳೊಳಗೆ ಒಣಗಿತು. ಹಲಸಿಗೆ ಬೇರು ಮುಟ್ಟಿದರೆ ಆಗುವುದಿಲ್ಲ ಎಂದು ನಮ್ಮಜ್ಜಿ ಹೇಳುತ್ತಿದ್ದ ಮಾತು ಆಮೇಲೆ ನೆನಪಾಯಿತು. ಆ ಜಾಗ ನೋಡಿದಾಗಲೆಲ್ಲ ಈಗಲೂ ಹೊಟ್ಟೆ ಚುರುಕ್ ಎನ್ನುತ್ತದೆ.

“ಹಾಗಾದ್ರೆ ಹುಲ್ಲು ಹಾಗೇ ಬಿಟ್ಬಿಡೋದಾ ಆಂಟಿ?”

ಬಿಡಬಾರದು. ಅದೂ ತಪ್ಪೇ. ಮೂರು ವರ್ಷ ತುಂಬುವವರೆಗೆ ಗಿಡದ ಸುತ್ತ ಎರಡು ಮೊಳ ಜಾಗ ಅದಕ್ಕೇ ಬಿಟ್ಟಿರಬೇಕು. ಎಲ್ಲಕ್ಕಿಂತ ಕೆಟ್ಟ ಪೈಪೋಟಿ ಹುಲ್ಲಿನದು. ಮಾವಿನ ಬೇರು ಇರುವ ಪದರದಲ್ಲೇ ಹುಲ್ಲಿನ ಬೇರು ಚಾಪೆ ಹೆಣೆದ ಹಾಗೆ ಹರಡಿ, ಬಿದ್ದ ಮಳೆಯನ್ನು ಮೊದಲು ತಾನು ಕುಡಿಯುತ್ತದೆ. ಲಾನಿನ ನಡುವೆ ನೆಟ್ಟ ಗಿಡ ವರ್ಷಗಟ್ಟಲೆ ಇದ್ದಷ್ಟೇ ಇರುವುದು ಇದಕ್ಕೇ. ಅಷ್ಟರಲ್ಲಿ ಅವರಮ್ಮ ಕಾಫಿ ಹಿಡಿದು ಬಂದರು. “ಗರಿಕೆ ಪೂರ್ತಿ ತೆಗಿಸಬೇಡಿ ಅಕ್ಕ, ಸಂಕಷ್ಟಿಗೆ ಬೇಕು,” ಎಂದರು. ಅದಕ್ಕೇನಂತೆ, ಬೇಲಿಯ ಬುಡದಲ್ಲಿ ಬೇಕಾದಷ್ಟಿದೆ, ಗಣಪತಿಗೆ ಅಲ್ಲಿಂದ ಕುಯ್ಯಬಹುದು. ಮಾವಿನ ಬುಡದ ಗರಿಕೆ ಮಾತ್ರ ಹೋಗಲೇಬೇಕು.

ಮೂವರೂ ಕೂತು ಏನೇನು ಬೆಳೆದಿದೆ ಎಂದು ನೋಡಿದೆವು. ಅಲ್ಲಿ ಒಂದಿಷ್ಟು ಅಣ್ಣೆಸೊಪ್ಪಿತ್ತು. ಎಳೆಯದು. “ಇದನ್ನ ಎಸೀಬೇಡಿ, ಸಾಯಂಕಾಲ ಬಸ್ಸಾರು ಮಾಡಿ,” ಎಂದು ಅವರಮ್ಮನ ಮಡಿಲಿಗೆ ಹಾಕಿದೆ. ನಾಲ್ಕು ತುಂಬೆ ಗಿಡಗಳನ್ನು ದೂರದಲ್ಲಿದ್ದವೆಂದು ಹಾಗೇ ಬಿಟ್ಟೆವು, ಜೇನುಹುಳ ಬರುತ್ತವೆ. ಕಾಂಗ್ರೆಸ್ ಗಿಡ ಮೂರು, ಹೂ ಬಿಡುವುದಕ್ಕೆ ಮೊದಲೇ ಸಿಕ್ಕವು. ಕೈಗೆ ಪ್ಲಾಸ್ಟಿಕ್ ಕವರ್ ಸುತ್ತಿಕೊಂಡು ಕೀಳು ಎಂದೆ. ಕೆಲವರಿಗೆ ಮೈಯೆಲ್ಲ ತುರಿಕೆ, ಕೆಲವರಿಗೆ ಉಬ್ಬಸ ಬರುತ್ತದೆ. 1955ರಲ್ಲಿ ಪುಣೆಯ ಹತ್ತಿರ ಕಂಡ ಈ ಗಿಡ ಇವತ್ತು ಇಲ್ಲದ ಊರಿಲ್ಲ. ಇದನ್ನು ತಿನ್ನಲೆಂದೇ ಮೆಕ್ಸಿಕೋದಿಂದ ತಂದ ಸಣ್ಣ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನ ಸುತ್ತ ಬಿಟ್ಟಿದ್ದರು. ಒಂದು ಗಿಡದ ಎಲೆ ಜರಡಿಯಂತಾಗಿತ್ತು. ತಿರುಗಿಸಿ ನೋಡಿದರೆ ಕೆನೆಬಣ್ಣದ ಮೈಮೇಲೆ ಕಂದು ಗೆರೆಯ ಆ ಹುಳು ಕೂತೇ ಇತ್ತು. ಆ ಒಂದು ಗಿಡವನ್ನು ಹುಳುವಿಗೇ ಬಿಡೋಣವೇ ಎಂದು ಹುಡುಗ ಕೇಳಿದ. ಬೇಡ, ಅದೂ ಹೂ ಬಿಟ್ಟೀತು ಎಂದೆ. ಹುಳುವನ್ನು ಎಲೆಸಮೇತ ಹತ್ತಿರದ ಖಾಲಿ ಸೈಟಿನ ಕಾಂಗ್ರೆಸ್ ಗಿಡದ ಮೇಲೆ ಬಿಟ್ಟು ಬಂದ. ಒಳ್ಳೆಯ ಹುಡುಗ.

ಕೀಳುವುದಕ್ಕೂ ಹದ ಬೇಕು. ಮಳೆ ನಿಂತು ಅರ್ಧ ದಿನವೋ ಒಂದು ದಿನವೋ ಆಗಿರಬೇಕು. ಮಣ್ಣು ಕೆಸರಾಗಿದ್ದಾಗ ಬುಡದಲ್ಲಿ ಓಡಾಡಿದರೆ ನೆಲ ಇಟ್ಟಿಗೆಯಂತೆ ಅಮರಿಕೊಂಡು ಬೇರಿಗೆ ಉಸಿರು ಕಟ್ಟುತ್ತದೆ. ಒಣಗಿದ್ದಾಗ ಕಿತ್ತರೆ ಕಳೆ ಅರ್ಧಕ್ಕೆ ತುಂಡಾಗುತ್ತದೆ, ಇಲ್ಲವೇ ಹೆಂಟೆಯನ್ನೇ ಎತ್ತಿಕೊಂಡು ಬರುತ್ತದೆ. ಬೇಸಿಗೆಯಾದರೆ ಹಿಂದಿನ ಸಂಜೆ ನೀರು ಬಿಟ್ಟು ಬೆಳಗ್ಗೆ ಕೂರಬೇಕು. ನಮ್ಮವ್ವ ರಾಗಿ ಹೊಲದಲ್ಲಿ ಕಳೆ ಕೀಳುವುದನ್ನು ನೋಡಿಯೇ ನಾನು ಬೆಳೆದವಳು. ರಾಗಿ ಪೈರಿಗೂ ರಾಗಿಯನ್ನೇ ಹೋಲುವ ಹುಲ್ಲಿಗೂ ವ್ಯತ್ಯಾಸ ಅವಳ ಬೆರಳಿಗೆ ಗೊತ್ತಿತ್ತು. ಎಡಗೈಯ ಎರಡು ಬೆರಳನ್ನು ಕಳೆಯ ಬುಡದ ಎರಡೂ ಪಕ್ಕ ಊರಿ ಮಣ್ಣನ್ನು ಒತ್ತಿ ಹಿಡಿದು, ಬಲಗೈಯಿಂದ ಕಳೆಯನ್ನು ನೆಲಕ್ಕಂಟಿದಂತೆ ಹಿಡಿದು ನೆಟ್ಟಗೆ ಮೇಲಕ್ಕೆ ಎಳೆಯುತ್ತಿದ್ದಳು. ಓರೆಗೆ ಎಳೆದರೆ ಪಕ್ಕದ ಪೈರು ಅಲ್ಲಾಡುತ್ತದೆ. ಹೀಗೆ ಒತ್ತಿ ಹಿಡಿದರೆ ಕಳೆಯ ಬೇರು ಮಾತ್ರ ಜಾರಿಕೊಂಡು ಬರುತ್ತದೆ, ಮಣ್ಣು ಇದ್ದಲ್ಲೇ ಇರುತ್ತದೆ. ಮಾವಿನ ಗಿಡಕ್ಕೂ ಇದೇ ಕೈ.

ಹುಡುಗ ಒಂದೊಂದಾಗಿ ಕೀಳತೊಡಗಿದ. ಕಾಂಡಕ್ಕೆ ಅಂಟಿದಂತೆಯೇ ಒಂದು ಸುಬಾಬುಲ್ ಸಸಿ ಎದ್ದಿತ್ತು, ಮೊಳಕಾಲೆತ್ತರ. ಅದನ್ನು ಹಿಡಿದು ಜಗ್ಗಲು ಹೋದ. ಕೈ ಹಿಡಿದೆ. ಅಂಥದ್ದನ್ನು ಎಂದಿಗೂ ಎಳೆಯಬಾರದು. ಅದರ ಬೇರೂ ಮಾವಿನ ಬೇರೂ ಜಡೆ ಹೆಣೆದುಕೊಂಡಿರುತ್ತವೆ. ಕುಡ್ಲಿನಿಂದಲೋ ಕತ್ತರಿಯಿಂದಲೋ ನೆಲಮಟ್ಟಕ್ಕೆ ಕತ್ತರಿಸಿ ಬಿಟ್ಟರಾಯಿತು. ಹದಿನೈದು ದಿನಕ್ಕೆ ಮತ್ತೆ ಚಿಗುರುತ್ತದೆ, ಮತ್ತೆ ಕತ್ತರಿಸಬೇಕು. ಎಲೆ ಇಲ್ಲದೆ ಬೇರಿಗೆ ಊಟವಿಲ್ಲ. ಕೂಡಿಟ್ಟದ್ದನ್ನು ಖರ್ಚು ಮಾಡಿ ಮಾಡಿ ಸೋತು, ಅಲ್ಲೇ ಕೊಳೆತು ಗೊಬ್ಬರವಾಗುತ್ತದೆ. ಕಾಂಡಕ್ಕೆ ಸುತ್ತಿಕೊಂಡ ಹಂಬಿಗೂ ಹೀಗೆಯೇ. ಬುಡದಲ್ಲಿ ಕತ್ತರಿಸಿ ನಾಲ್ಕು ದಿನ ಒಣಗಲು ಬಿಟ್ಟು ಆಮೇಲೆ ಬಿಡಿಸಬೇಕು. ಹಸಿಯಾಗಿ ಎಳೆದರೆ ಎಳೆ ತೊಗಟೆ ಕಿತ್ತು ಬರುತ್ತದೆ.

ಇನ್ನೊಂದು ಕಳೆ ಗಿಡದಲ್ಲೇ ಇತ್ತು. ಕಸಿ ಕಟ್ಟಿದ ಗಂಟಿನ ಕೆಳಗೆ, ನೆಲದಿಂದ ಮೂರು ಬೆರಳು ಮೇಲೆ, ಹೊಸ ಚಿಗುರೊಂದು ಹುಮ್ಮಸ್ಸಿನಿಂದ ಮೇಲೆದ್ದಿತ್ತು. “ಚೆನ್ನಾಗಿ ಬರ್ತಿದೆ ಅಂತ ಬಿಟ್ಟಿದ್ದೆ ಆಂಟಿ.” ಅದು ಮಲ್ಲಿಕಾ ಅಲ್ಲ, ಅಡಿಯ ನಾಟಿ ಮಾವಿನ ಸಸಿಯ ಚಿಗುರು. ಬಿಟ್ಟರೆ ಅದೇ ಬೆಳೆದು ಮೇಲಿನ ಕಸಿಯನ್ನು ಸೊರಗಿಸುತ್ತದೆ, ಆರು ವರ್ಷ ಕಾದು ಹುಳಿ ಹಣ್ಣು ತಿನ್ನಬೇಕಾಗುತ್ತದೆ. ಎಳಸಾಗಿದ್ದಾಗ ಉಗುರಲ್ಲೇ ಚಿವುಟಿದರೆ ಸಾಕು. ಚಿವುಟಿದ.

ತೊಂದರೆ ಕೊಟ್ಟದ್ದು ಕೊನ್ನಾರಿ. ಸಾಧಾರಣ ಹುಲ್ಲಿನಂತೆ ಬಡವಾಗಿ ಕಾಣುತ್ತದೆ, ಅಡಿಯಲ್ಲಿ ಗಡ್ಡೆಗೆ ಗಡ್ಡೆ ಪೋಣಿಸಿದ ಸರ. ಮೇಲಿನದನ್ನು ಕಿತ್ತರೆ ಕೆಳಗೆ ಮಲಗಿದ್ದ ಗಡ್ಡೆಗಳು ಎಚ್ಚರವಾಗಿ ಒಂದಿದ್ದದ್ದು ನಾಲ್ಕಾಗುತ್ತದೆ. ಸರವನ್ನೆಲ್ಲ ಹುಡುಕಿ ಅಗೆಯಲು ಹೋದರೆ ಮಾವಿನ ಬೇರೊಂದೂ ಉಳಿಯುವುದಿಲ್ಲ. ಅದಕ್ಕೆ ಆಗದ್ದು ನೆರಳು. ಕತ್ತಲೆ ಮಾಡಿದರೆ ತಾನಾಗಿ ಸೊರಗುತ್ತದೆ. ಅವರ ಮನೆಗೆ ಫ್ರಿಜ್ಜು ಬಂದಿದ್ದ ದಪ್ಪ ರಟ್ಟಿನ ಪೆಟ್ಟಿಗೆ ಮಹಡಿ ಮೆಟ್ಟಿಲ ಕೆಳಗಿತ್ತು. ಅದರ ಟೇಪು, ಪಿನ್ನು ಎಲ್ಲ ಕಿತ್ತು, ನೀರಲ್ಲಿ ನೆನೆಸಿ, ಕೊನ್ನಾರಿ, ಗರಿಕೆ ಇದ್ದ ಕಡೆಗೆಲ್ಲ ಒಂದರ ಮೇಲೊಂದು ಬರುವಂತೆ ಹಾಸಿದೆವು. ಮೇಲೆ ಮೂರು ನಾಲ್ಕು ಅಂಗುಲ ಒಣ ತರಗು. ರಟ್ಟು ಕೆಲವು ತಿಂಗಳಲ್ಲಿ ಕೊಳೆತು ಮಣ್ಣಾಗುತ್ತದೆ, ಎರೆಹುಳು ಬರುತ್ತವೆ. ಹಿಂದೆಯಾಗಿದ್ದರೆ ಸೆಣಬಿನ ಗೋಣಿ ಹಾಸುತ್ತಿದ್ದೆವು. ಈಗಿನ ಪ್ಲಾಸ್ಟಿಕ್ ಚೀಲ ಬಿಸಿಲಿಗೆ ಪುಡಿಯಾಗಿ ಮಣ್ಣೆಲ್ಲ ಎಳೆ ಎಳೆ ಸೇರುತ್ತದೆ, ಬೇಡ.

ಕಾಂಡದ ಸುತ್ತ ಮಾತ್ರ ಒಂದು ಗೇಣು ಬರಿದಾಗಿ ಬಿಡಲೇಬೇಕು. ತರಗನ್ನು ಕಾಂಡಕ್ಕೆ ಒತ್ತಿ ಗುಡ್ಡೆ ಹಾಕಿದರೆ ತೊಗಟೆ ಕೊಳೆಯುತ್ತದೆ, ಗೆದ್ದಲು ಹತ್ತುತ್ತದೆ. ಸೊಪ್ಪು ಹಾಸುವ ಈ ಬುದ್ಧಿ ಹೊಸದೇನಲ್ಲ. ಶಿರಸಿ, ಸಿದ್ದಾಪುರದ ಕಡೆ ಅಡಿಕೆ ತೋಟದ ಎಕರೆಗೆ 9 ಎಕರೆವರೆಗೆ ಸೊಪ್ಪಿನ ಬೆಟ್ಟವನ್ನು ಜೊತೆಗೆ ಕೊಟ್ಟಿರುವುದು ತೋಟದ ನೆಲಕ್ಕೆ ಈ ಹೊದಿಕೆ ಸಿಗಲೆಂದೇ. ನಮಗೆ ಬೆಟ್ಟವಿಲ್ಲ. ರಸ್ತೆಬದಿಯ ಹೊಂಗೆ ಎಲೆಯನ್ನು ಗುಡಿಸಿ ಬೆಂಕಿ ಹಾಕುತ್ತಾರಲ್ಲ, ಅದನ್ನೇ ಎರಡು ಚೀಲ ತುಂಬಿ ತಂದರೆ ಒಂದು ಗಿಡಕ್ಕೆ ಸಾಕು.

“ಆಫೀಸಲ್ಲಿ ಒಬ್ರು ಉಪ್ಪುನೀರು ಹಾಕು ಅಂದ್ರು. ಇನ್ನೊಬ್ರು ರೌಂಡಪ್ ಹೊಡಿ ಅಂದ್ರು,” ಎಂದ ಹುಡುಗ. ಉಪ್ಪು ಕಳೆಯ ಎಲೆ ಸುಟ್ಟು ಅಲ್ಲಿಗೇ ನಿಲ್ಲುವುದಿಲ್ಲ, ಮಳೆಯ ಜೊತೆ ಇಳಿದು ಮಾವಿನ ಬೇರಿಗೇ ತಲುಪುತ್ತದೆ. ರೌಂಡಪ್ಪಿನಲ್ಲಿರುವ ಗ್ಲೈಫೋಸೇಟ್ ಯಾವ ಹಸಿರು ಭಾಗಕ್ಕೆ ತಾಗಿದರೂ ಅಲ್ಲಿಂದ ಒಳಹೊಕ್ಕು ಬೇರಿನವರೆಗೆ ಇಳಿಯುವ ವಿಷ. ಎಳೆ ಗಿಡದ ಹಸಿರು ತೊಗಟೆಗೆ ಗಾಳಿಯಲ್ಲಿ ನಾಲ್ಕು ಹನಿ ತೂರಿದರೂ ಅಪಾಯ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವೇ ಇದನ್ನು ಕೀಟ ನಿಯಂತ್ರಣದ ಪರವಾನಗಿ ಇದ್ದವರು ಮಾತ್ರ ಬಳಸಬೇಕೆಂದು ಆದೇಶ ಮಾಡಿದೆ. ಹಿತ್ತಿಲಲ್ಲಿ ಕೂತು ಕೈಯಲ್ಲಿ ಕೀಳಬಹುದಾದ ನಾಲ್ಕು ಹುಲ್ಲಿಗೆ ಅದು ಬೇಕೇ?

ಹುಲ್ಲು ಕತ್ತರಿಸುವ ಯಂತ್ರದ ವಿಷಯ ನನಗೆ ಇನ್ನೂ ನೋವಿನದು. ಒಂದು ಉದ್ಯಾನದಲ್ಲಿ ಸಾಲಾಗಿ ನೆಟ್ಟಿದ್ದ ಹೊಂಗೆ ಸಸಿಗಳು ಒಂದಾದ ಮೇಲೊಂದು ಒಣಗುತ್ತಿದ್ದವು. ನೀರಿತ್ತು, ಗೊಬ್ಬರವಿತ್ತು. ಬಗ್ಗಿ ನೋಡಿದರೆ ಪ್ರತಿ ಕಾಂಡದ ಬುಡದಲ್ಲೂ ಬಳೆ ತೊಡಿಸಿದ ಹಾಗೆ ತೊಗಟೆ ಹೋಗಿತ್ತು. ಯಂತ್ರದ ನೈಲಾನ್ ದಾರ ತಿಂಗಳಿಗೊಮ್ಮೆ ತಾಗಿ ತಾಗಿ ಮಾಡಿದ ಗಾಯ. ಎಲೆ ಮಾಡಿದ ಅಡುಗೆ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಲ್ಲಿ. ಅದು ಸುತ್ತಲೂ ಹೋದರೆ ಬೇರು ಉಪವಾಸ ಬಿದ್ದು ಸಾಯುತ್ತದೆ, ಅದರ ಹಿಂದೆಯೇ ಮರ. ಬುಡದ ಸುತ್ತ ಎರಡು ಮೊಳ ಹುಲ್ಲಿಲ್ಲದಿದ್ದರೆ ಯಂತ್ರ ಅಲ್ಲಿಗೆ ಬರಬೇಕಾದ ಅಗತ್ಯವೇ ಇರುತ್ತಿರಲಿಲ್ಲ. ಉದ್ಯಾನಗಳಲ್ಲಿ ಹುಲ್ಲು ಕತ್ತರಿಸುವವರೇ, ಗಿಡ ನೆಡಿಸುವವರೇ, ಇದೊಂದನ್ನು ದಯವಿಟ್ಟು ಗಮನಿಸಿ.

ಎಲ್ಲ ಮುಗಿಯುವಷ್ಟರಲ್ಲಿ ಒಂದು ಗಂಟೆ ಹಿಡಿಯಿತು. ಗುದ್ದಲಿ ತೆಂಗಿನ ಮರಕ್ಕೆ ಒರಗಿಕೊಂಡೇ ಇತ್ತು. ಎರಡು ಮೊಳದ ಆಚೆ ಏನಾದರೂ ಹಾಕಲೇ ಎಂದು ಅವರಮ್ಮ ಕೇಳಿದರು. ಅಲಸಂದೆ ಹಾಕಿ ಎಂದೆ. ಕುಳ್ಳ ತಳಿಯದು, ಹಂಬು ಹಬ್ಬುವುದಲ್ಲ. ನೆಲ ಮುಚ್ಚುತ್ತದೆ, ಕಳೆಗೆ ಜಾಗವಿರುವುದಿಲ್ಲ, ಪಲ್ಯಕ್ಕೂ ಆಯಿತು. ಬೆಳೆ ಮುಗಿದ ಮೇಲೆ ಅದನ್ನೂ ಕೀಳದೆ ಬುಡಕ್ಕೆ ಕುಯ್ದು ಅಲ್ಲೇ ಹಾಸಬೇಕು.

ಇವತ್ತಿಗೆ ಮೂರು ವಾರ. ನಿನ್ನೆ ಸಂಜೆ ಬೇಲಿಯ ಸಂದಿಯಿಂದ ನೋಡಿದೆ. ಮಾವಿನ ತುದಿಯಲ್ಲಿ ತಾಮ್ರದ ಬಣ್ಣದ ಹೊಸ ಚಿಗುರು ಬಂದಿದೆ, ಅಗೆದಿದ್ದ ಬದಿಯಲ್ಲೂ. ರಟ್ಟಿನ ಅಂಚಿನಲ್ಲಿ ಐದಾರು ಕೊನ್ನಾರಿ ತಲೆ ಎತ್ತಿವೆ. ಪುಷ್ಯ ಮಳೆ ಮುಗಿಯುವುದರೊಳಗೆ ಇನ್ನೊಂದು ಸಲ ಕೂರಬೇಕು.