ಶರ್ಯತ್ತಿನ ಹಳೆಗಾಡಿ

ಮುಂಬೈ ಪ್ರಾಂತ್ಯದ ದಫ್ತರುಗಳಲ್ಲಿ ಸಂಪಗಾಂವ ಮತ್ತು ಪರಸಗಡ ತಾಲ್ಲೂಕುಗಳೆಂದು ದಾಖಲಾಗಿದ್ದು ಇಂದು ಬೈಲಹೊಂಗಲ, ಕಿತ್ತೂರು, ಸವದತ್ತಿಗಳೆಂದು ಕರೆಯಿಸಿಕೊಳ್ಳುವ ನೆಲವನ್ನೂ, 1948ರವರೆಗೆ ತನ್ನದೇ ಸಂಸ್ಥಾನಿಕರನ್ನು ಹೊಂದಿದ್ದ ರಾಮದುರ್ಗವನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಈ ಸೀಮೆಯ ಜನರಿಗೆ ವೇಗದ ಮೇಲಿರುವ ಮೋಹವು ಮೋಟಾರು ವಾಹನಕ್ಕಿಂತ ಬಹಳ ಹಿಂದಿನದೆಂಬುದು ಸ್ಪಷ್ಟವಾಗುತ್ತದೆ. ಬರಿಗಾಡಿಗೆ ಜೋಡೆತ್ತು ಹೂಡಿ ಓಡಿಸುವ ಪಂದ್ಯಕ್ಕೆ ಇಲ್ಲಿ ಶರ್ಯತ್ತು ಎನ್ನುತ್ತಾರೆ. ಅದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ನಿಂತು, ಕರ್ನಾಟಕದ 2017ರ ತಿದ್ದುಪಡಿ ಕಾಯ್ದೆಯಿಂದ ಮರುಜೀವ ಪಡೆದು, 2023ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯದ ಸಂವಿಧಾನ ಪೀಠದ ಸಮ್ಮತಿಯನ್ನೂ ಗಳಿಸಿತು. ನಡುವಿನ ಆ ಬಿಡುವಿನಲ್ಲಿ ಊರ ಹುಡುಗರ ವೇಗದ ಹಂಬಲ ಎಲ್ಲಿ ತಂಗಿತ್ತು ಎಂಬ ಪ್ರಶ್ನೆಗೆ ಯಾವ ಶಾಸನವೂ ಉತ್ತರ ಕೊಡುವುದಿಲ್ಲವಾದರೂ, ಅದರ ಒಂದು ಪಾಲು ಸೆಕೆಂಡ್ ಹ್ಯಾಂಡ್ ಕಾರುಗಳ ಪೇಟೆಯಲ್ಲಿ, ಅದರಲ್ಲಿಯೂ ಪರ್ಫಾರ್ಮೆನ್ಸ್ ಹ್ಯಾಚ್‌ಬ್ಯಾಕ್ ಎಂಬ ವಿಚಿತ್ರ ಜಾತಿಯ ಸುತ್ತ ಠಳಾಯಿಸುತ್ತಿತ್ತೆಂದು ಊಹಿಸುವುದು ಅಸಂಗತವಾಗಲಾರದು.

ಹ್ಯಾಚ್‌ಬ್ಯಾಕ್ ಎಂದರೆ ಹಿಂದೆ ಬೇರೆಯಾಗಿ ಡಿಕ್ಕಿ ಚಾಚಿಕೊಂಡಿರದೆ, ಹಿಂಬದಿಯ ಗಾಜೂ ಬಾಗಿಲೂ ಒಂದೇ ಆಗಿ ಮೇಲಕ್ಕೆ ತೆರೆದುಕೊಳ್ಳುವ ಮೋಟು ಮೈಯ ಕಾರು. ಸಂತೆಯ ಚೀಲಕ್ಕೂ ಬೀಗರ ಮನೆಗೆ ಒಯ್ಯುವ ಬುತ್ತಿಗಂಟಿಗೂ ಹೇಳಿಮಾಡಿಸಿದಂತಿರುವ ಈ ಸಾಧು ವಾಹನಕ್ಕೆ ಅದರ ಗಾತ್ರವನ್ನು ಮೀರಿದ ಎಂಜಿನ್ನನ್ನು ಕೂರಿಸಿ, ರಸ್ತೆಯ ಪೆಟ್ಟನ್ನು ನುಂಗುವ ಸಸ್ಪೆನ್ಷನ್ ವ್ಯವಸ್ಥೆಯನ್ನು ಬಿಗಿಗೊಳಿಸಿ, ನೆಲಕ್ಕೆ ಇನ್ನಷ್ಟು ಹತ್ತಿರ ತಂದರೆ ಅದು ಪರ್ಫಾರ್ಮೆನ್ಸ್ ಹ್ಯಾಚ್‌ಬ್ಯಾಕ್ ಆಗುತ್ತದೆ. 1975ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಕಾಣಿಸಿಕೊಂಡ ಮೇಲೆ ಯುರೋಪಿನಲ್ಲಿ ಈ ವಂಶ ಬೆಳೆಯಿತು. ಭಾರತದಲ್ಲಿ 2001ರ ಫಿಯಟ್ ಪಾಲಿಯೊ ತನ್ನ 1.6 ಲೀಟರ್ ಎಂಜಿನ್ನಿನ 100 ಅಶ್ವಶಕ್ತಿಯಿಂದ ಹಾದಿ ತೋರಿಸಿದ ನಂತರ, 2013ರಲ್ಲಿ 105 ಅಶ್ವಶಕ್ತಿಯ ಪೋಲೊ ಜಿಟಿ ಟಿಎಸ್‌ಐ, 2015ರಲ್ಲಿ 145ರ ಅಬಾರ್ತ್ ಪುಂಟೊ, 2017ರಲ್ಲಿ ಬಲೆನೊ ಆರ್‌ಎಸ್, 2018ರಲ್ಲಿ ಟಿಯಾಗೊ ಜೆಟಿಪಿ, 2021ರಲ್ಲಿ ಐ20 ಎನ್ ಲೈನ್ ಒಂದರ ಹಿಂದೊಂದು ಬಂದವು. 2016ರಲ್ಲಿ ಹೊರದೇಶದಿಂದ ಬಂದಿಳಿದ ಪೋಲೊ ಜಿಟಿಐಗೆ 192 ಅಶ್ವಶಕ್ತಿಯಿದ್ದರೂ ಪಕ್ಕದಲ್ಲಿ ಇದ್ದದ್ದು ಎರಡೇ ಬಾಗಿಲು. ಮುಂದಿನ ಆಸನವನ್ನು ಮಡಚಿ ಹಿಂದಕ್ಕೆ ನುಸುಳಬೇಕಾದ ಆ ಗಾಡಿಯಲ್ಲಿ ಇಳಕಲ್ ಸೀರೆಯ ಅಜ್ಜಿಯೊಬ್ಬರನ್ನು ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಕರೆದೊಯ್ಯುವ ವಿಧಾನವನ್ನು ಜರ್ಮನ್ ಎಂಜಿನಿಯರುಗಳು ಆಲೋಚಿಸಿದಂತೆ ಕಾಣುವುದಿಲ್ಲ. ಇವುಗಳಲ್ಲಿ ಬಹುಪಾಲು ಗಾಡಿಗಳು ಶೋರೂಮಿನಲ್ಲಿದ್ದಷ್ಟು ದಿನ ಕೇಳುವವರಿಲ್ಲದೆ ನಿಂತಿದ್ದು, ತಯಾರಿಕೆ ನಿಂತ ಮರುದಿನದಿಂದಲೇ ಎಲ್ಲರ ಬಾಯಲ್ಲಿ ಅಮೂಲ್ಯವಾದವು. ಆರ್‌ಎಸ್ ಮತ್ತು ಜೆಟಿಪಿಗಳು 2020ರಲ್ಲಿಯೂ ಪೋಲೊ 2022ರಲ್ಲಿಯೂ ಈ ಬಗೆಯ ಅಮರತ್ವವನ್ನು ಪಡೆದವು.

ಕೃಷಿ ಎಂಜಿನಿಯರಿಂಗಿನ ಲೆಕ್ಕದಲ್ಲಿ ಒಂದು ಜೋಡಿ ಎತ್ತಿನ ಎಳೆತ ಸುಮಾರು ಒಂದು ಅಶ್ವಶಕ್ತಿಗೆ ಸಮ ಎನ್ನುವುದಾದರೆ, ಅಬಾರ್ತ್ ಪುಂಟೊವನ್ನು ಮನೆಗೆ ತರುವವನು ಅಂಗಳದಲ್ಲಿ 290 ಎತ್ತುಗಳನ್ನು ಕಟ್ಟಿದಂತಾಗುತ್ತದೆ. ಆದರೂ ಒಂದು ಎತ್ತನ್ನು ಕೊಳ್ಳುವಾಗ ತೋರುವ ವಿವೇಕವನ್ನು ಈ 290ನ್ನು ಕೊಳ್ಳುವಾಗ ಈ ಸೀಮೆಯ ಗ್ರಾಹಕನು ತೋರುವುದಿಲ್ಲ ಎಂಬುದೇ ಇಲ್ಲಿ ವಿಚಾರಿಸಬೇಕಾದ ಸಂಗತಿ. ದನದ ಜಾತ್ರೆಯಲ್ಲಿ ಕಿಲಾರಿ ಎತ್ತಿನ ತುಟಿ ಎತ್ತಿ ಎರಡು ಹಲ್ಲೋ ನಾಲ್ಕು ಹಲ್ಲೋ ಆರು ಹಲ್ಲೋ ಎಂದು ಎಣಿಸುವವನು, ಎಂಟೂ ಹಲ್ಲು ಬಂದು ಬಾಯಿಗೂಡಿದ ಮೇಲೆ ಎತ್ತಿನ ವಯಸ್ಸು ಅದರ ಬಾಯಿಯಿಂದ ದಲ್ಲಾಳಿಯ ಬಾಯಿಗೆ ವರ್ಗವಾಗುತ್ತದೆಂಬುದನ್ನು ಚೆನ್ನಾಗಿ ಬಲ್ಲವನಾಗಿರುತ್ತಾನೆ. ಅವನು ಸುಳಿ ನೋಡುತ್ತಾನೆ, ಗೊರಸು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ, ಮಾರುವವನ ಊರಿನಲ್ಲಿ ತನ್ನ ಬೀಗರು ಯಾರಾದರೂ ಇದ್ದಾರೆಯೇ ಎಂದು ನೆನಪಿಸಿಕೊಳ್ಳುತ್ತಾನೆ; ಆಮೇಲಷ್ಟೇ ವಲ್ಲಿಯ, ಅಂದರೆ ಹೆಗಲ ವಸ್ತ್ರದ, ಮರೆಯಲ್ಲಿ ಬೆಲೆ ಕುದುರಿಸಲು ದಲ್ಲಾಳಿಯ ಬೆರಳು ಹಿಡಿಯುತ್ತಾನೆ. ಅದೇ ಮನೆಯ ಮಗನು ಕೆಂಪು ಬಣ್ಣದ ಹಳೆಯ ಪೋಲೊ ಒಂದರ ಸೈಲೆನ್ಸರಿನ ಗುಡುಗನ್ನು ಕೇಳಿದೊಡನೆ ಹಲ್ಲು, ಸುಳಿ, ಬೀಗತನ ಎಲ್ಲವನ್ನೂ ಮರೆತು, ಇಪ್ಪತ್ತು ಸಾವಿರ ಸಂಚಕಾರವನ್ನು, ಅಂದರೆ ಮುಂಗಡವನ್ನು, ಫೋನಿನಲ್ಲಿಯೇ ಕಳುಹಿಸಿಬಿಡುತ್ತಾನೆ.

ಮಾರುವವರ ಮಾತುಗಾರಿಕೆ ಒಂದು ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯವಾದ ಸಾಹಿತ್ಯ ಪ್ರಕಾರವಾಗಿದ್ದು, ಅದರಲ್ಲಿ ಪದಗಳು ಕೋಶದ ಅರ್ಥವನ್ನು ಬಿಟ್ಟು ವಿಹರಿಸುತ್ತವೆ. "ಎಂಜಿನ್ ಒಮ್ಮೀನೂ ಬಿಚ್ಚಿಲ್ರೀ" ಎಂಬ ವಾಕ್ಯವು ಬಿಚ್ಚಿದವರು ಬೇರೆ ಊರಿನವರು ಎಂಬುದನ್ನೂ, "ಡಾಕ್ಟರ್ ಗಾಡಿ ಐತ್ರಿ" ಎಂಬುದು ಆರು ಮಾಲೀಕರಲ್ಲಿ ಮೊದಲನೆಯವರು ವೈದ್ಯರಾಗಿದ್ದರೆಂಬುದನ್ನೂ, "ಓಡಿದ್ದಕ್ಕಿಂತ ನಿಂತದ್ದ ಹೆಚ್ಚ" ಎಂಬುದು ಗ್ಯಾರೇಜಿನಲ್ಲಿ ನಿಂತದ್ದನ್ನೂ ಸೂಚಿಸುವ ಸಂಭವವುಂಟು. ಗಾಡಿಗಳು ಬರುವ ದಾರಿಯೂ ಹಲವು: ರಸ್ತೆ ತೆರಿಗೆ ಹಗುರವಾಗಿರುವ ಗೋವೆಯಿಂದ ಕೆಲವು, ಎಂಎಚ್ 09 ಫಲಕ ಹೊತ್ತು ಕೊಲ್ಲಾಪುರದಿಂದ ಕೆಲವು, ಬೆಂಗಳೂರು ಪುಣೆಗಳಿಂದ ಕೆಲವು. ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳು ರಾಜಧಾನಿ ಪ್ರದೇಶದಲ್ಲಿ ಓಡುವಂತಿಲ್ಲವೆಂದಿದ್ದ ಆದೇಶದಿಂದ ಹೊರಬಿದ್ದು, ದಿಲ್ಲಿಯಲ್ಲಿ ಮುದುಕನೆನಿಸಿಕೊಂಡು ಬೈಲಹೊಂಗಲದಲ್ಲಿ ಮದುಮಗನಾಗಲು ಬಂದವು ಮತ್ತೆ ಕೆಲವು.

ಮನೆಯೊಳಗಿನ ರಾಜತಾಂತ್ರಿಕತೆ ಇದಕ್ಕಿಂತ ಕಠಿಣವಾದದ್ದು. ತಂದೆಯು ಕೇಳುವುದು ಎವರೇಜ್ ಒಂದನ್ನೇ, ಅಂದರೆ ಲೀಟರಿಗೆ ಎಷ್ಟು ಕಿಲೋಮೀಟರು ಎಂಬುದನ್ನು. ಪಿಕಪ್, ಅಂದರೆ ನಿಂತಲ್ಲಿಂದ ಜಿಗಿಯುವ ಶಕ್ತಿ, ಮಗನೊಬ್ಬನ ಖಾಸಗಿ ಧರ್ಮವಾಗಿರುತ್ತದೆ. ಟರ್ಬೊ ಎಂಬುದು ಎಂಜಿನ್ನು ಉಗುಳುವ ಹೊಗೆಯ ರಭಸದಿಂದಲೇ ಒಂದು ಪುಟ್ಟ ಚಕ್ರವನ್ನು ತಿರುಗಿಸಿ, ಅದರ ಬಲದಿಂದ ಹೆಚ್ಚು ಗಾಳಿಯನ್ನು ಎಂಜಿನ್ನಿಗೆ ತುರುಕುವ ಯಂತ್ರ. ಇದನ್ನು ಮಗನು ತಂದೆಗೆ ವಿವರಿಸುವಾಗ, ಬಿಸಾಡುವ ಹೊಗೆಯನ್ನು ಮರುಬಳಕೆ ಮಾಡುವ ಉಳಿತಾಯದ ಸಾಧನವೆಂದು ಹೇಳುವುದು ವಾಡಿಕೆಯಾಗಿದ್ದು, ಬರಿಯ ಭೌತಶಾಸ್ತ್ರದ ದೃಷ್ಟಿಯಿಂದ ಅದು ಸುಳ್ಳೂ ಅಲ್ಲ.

ನಿಜವಾದ ಪರೀಕ್ಷೆ ಆರಂಭವಾಗುವುದು ರಸ್ತೆಯಲ್ಲಿ. ಕಿತ್ತೂರಿನ ಮಗ್ಗುಲಲ್ಲಿ ಹಾದುಹೋಗುವ 48ನೆಯ ರಾಷ್ಟ್ರೀಯ ಹೆದ್ದಾರಿಯನ್ನು ಬಿಟ್ಟರೆ ಈ ಸೀಮೆಯಲ್ಲಿ ಅಶ್ವಶಕ್ತಿಯನ್ನು ಬಿಚ್ಚಿ ತೋರಿಸಬಲ್ಲ ನೆಲ ಕಡಿಮೆ. 2018ರ ಕೇಂದ್ರ ಅಧಿಸೂಚನೆಯ ಪ್ರಕಾರ ವಿಭಜಕವಿರುವ ಚತುಷ್ಪಥದಲ್ಲಿ ಕಾರಿನ ಮಿತಿ ಗಂಟೆಗೆ 100 ಕಿಲೋಮೀಟರು, ಉಳಿದ ರಸ್ತೆಗಳಲ್ಲಿ 70. ಎರೆ ಭೂಮಿಯು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿದು ಡಾಂಬರನ್ನು ಅಲೆಅಲೆಯಾಗಿಸುವ ಕಡೆಗಳಲ್ಲಿ ನಿಸರ್ಗವೇ ವಿಧಿಸಿದ ಮಿತಿ ಅದಕ್ಕಿಂತ ಎಷ್ಟೋ ಕೆಳಗಿನದು. ಅಬಾರ್ತ್ ಪುಂಟೊ ನಿಂತಲ್ಲಿಂದ ನೂರರ ವೇಗಕ್ಕೆ 8.8 ಸೆಕೆಂಡಿನಲ್ಲಿ ತಲುಪುತ್ತದೆಂದು ಅದರ ತಯಾರಕರು ಹೇಳಿದ್ದರು. ಬೈಲಹೊಂಗಲದ ಪೇಟೆಯಲ್ಲಿ ಅಷ್ಟು ಹೊತ್ತಿಗೆ ಮುಂದಿನ ಟಂಟಂ ಎಡಕ್ಕೆ ತಿರುಗಲೋ ಬಲಕ್ಕೆ ತಿರುಗಲೋ ಎಂದು ಯೋಚಿಸಿ ಮುಗಿಸಿರುವುದಿಲ್ಲ. ಅದೇ ಗಾಡಿಯ ಹೊಟ್ಟೆಗೂ ನೆಲಕ್ಕೂ ನಡುವೆ 155 ಮಿಲಿಮೀಟರು, ಅಂದರೆ ಗೇಣಿಗೂ ಕಡಿಮೆ ಅಂತರವಿದ್ದು, ಊರವರು ಯಾವ ಮಾನದಂಡವನ್ನೂ ಕೇಳದೆ ರಾತ್ರೋರಾತ್ರಿ ಕಟ್ಟಿದ ಹಂಪುಗಳ ಮೇಲೆ ಅದು ತೆವಳುವ ಸದ್ದನ್ನು ಕೇಳಿದ ಮಾಲೀಕನ ಮುಖವನ್ನು ವರ್ಣಿಸದಿರುವುದು ಲೇಸು. ಸುಗ್ಗಿಯಲ್ಲಿ ಹುರುಳಿಯನ್ನೋ ಕಡಲೆಯನ್ನೋ ರಸ್ತೆಯ ಮೇಲೆ ಹರವಿ ಹೋಗಿಬರುವ ಗಾಡಿಗಳಿಂದ ಒಕ್ಕಣೆ ಮಾಡಿಸಿಕೊಳ್ಳುವ ಪದ್ಧತಿಯೂ ಉಂಟು; ತಗ್ಗಿನ ಗಾಡಿಯ ಕೆಳಗೆ ಒಣಹೊಟ್ಟು ಸುತ್ತಿಕೊಂಡರೆ ಬಿಸಿಯಾದ ಸೈಲೆನ್ಸರಿಗೆ ತಾಗಿ ಬೆಂಕಿ ಹತ್ತುವ ಅಪಾಯವಿರುವುದರಿಂದ, ಇದೊಂದು ವಿಷಯದಲ್ಲಿ ಮಾತ್ರ ವಿನೋದಕ್ಕೆ ಎಡೆಯಿಲ್ಲ.

ಪೋಲೊ ಜಿಟಿ ಟಿಎಸ್‌ಐಯಲ್ಲಿರುವ ಡಿಎಸ್‌ಜಿ ಗೇರ್‌ಬಾಕ್ಸಿನ ಸಂಗತಿಯನ್ನು ಸ್ವಲ್ಪ ವಿಸ್ತರಿಸಬೇಕಾಗುತ್ತದೆ. ಏಳು ಗೇರುಗಳ ಈ ಯಂತ್ರದಲ್ಲಿ ಎರಡು ಕ್ಲಚ್ಚುಗಳಿದ್ದು, ಒಂದು ಬೆಸ ಸಂಖ್ಯೆಯ ಗೇರುಗಳನ್ನೂ ಇನ್ನೊಂದು ಸಮ ಸಂಖ್ಯೆಯವನ್ನೂ ಹಿಡಿದಿರುವುದರಿಂದ, ಒಂದು ಬಿಡುವಷ್ಟರಲ್ಲಿ ಇನ್ನೊಂದು ಕಚ್ಚಿಕೊಂಡು ಗೇರು ಬದಲಾದದ್ದು ಸವಾರನಿಗೆ ತಿಳಿಯುವುದೇ ಇಲ್ಲ. ಆದರೆ ಈ ಕ್ಲಚ್ಚುಗಳು ಎಣ್ಣೆಯಲ್ಲಿ ಮುಳುಗಿರದ ಒಣ ಜಾತಿಯವಾದುದರಿಂದ, ನಿಲ್ಲದೆ ಓಡದೆ ಆಮೆಗತಿಯಲ್ಲಿ ತೆವಳಿದಾಗ ಅರೆಬರೆ ಹಿಡಿತದಲ್ಲಿ ಉಜ್ಜಿ ಕಾಯುತ್ತವೆ. ಈ ಒಂದು ದೌರ್ಬಲ್ಯವನ್ನು ಹುಡುಕಿ ತಟ್ಟುವುದಕ್ಕಾಗಿಯೇ ಸಂಪಗಾಂವ ಸೀಮೆಯನ್ನು ನಿರ್ಮಿಸಲಾಗಿದೆಯೋ ಎನಿಸುವುದುಂಟು: ಕಬ್ಬಿನ ಹಂಗಾಮು ಶುರುವಾದರೆ ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಹಕಾರಿ ಕಾರ್ಖಾನೆಯಂಥವುಗಳ ಕಡೆಗೆ ಎರಡೆರಡು ಟ್ರೇಲರುಗಳನ್ನು ಎಳೆದು ನಡೆಯುವ ಟ್ರ್ಯಾಕ್ಟರುಗಳ ಬೆನ್ನಿಗೆ, ಧ್ವನಿವರ್ಧಕದ ಹಾಡು ಕೇಳುತ್ತ, ಮೈಲುಗಟ್ಟಲೆ ತೆವಳಬೇಕು. ಹಂಗಾಮು ಮುಗಿಯುವ ಮುನ್ನವೇ ಭರತ ಹುಣ್ಣಿಮೆಯ ಜಾತ್ರೆ ಬಂದು, ಸವದತ್ತಿಯ ಯಲ್ಲಮ್ಮನ ಗುಡ್ಡದ ಏರಿನಲ್ಲಿ ಚಕ್ಕಡಿ, ಟ್ರ್ಯಾಕ್ಟರು, ಬಸ್ಸು, ಪಾದಚಾರಿಗಳ ಜೊತೆಗೆ ಗೇಣು ಗೇಣಾಗಿ ಏರಬೇಕು. ಚಕ್ಕಡಿಯ ಎತ್ತುಗಳು ಈ ಏರನ್ನು ತಲೆತಲಾಂತರದಿಂದ ಬಲ್ಲವು. ಡಿಎಸ್‌ಜಿಯು ಬಲ್ಲದ್ದು ಜರ್ಮನಿಯ ಹೆದ್ದಾರಿಯನ್ನು. ಆದುದರಿಂದ ಕೈಯಿಂದ ಗೇರು ಹಾಕುವ ಗಾಡಿಯೇ ಈ ಸೀಮೆಗೆ ಮೇಲು, ಡಿಎಸ್‌ಜಿಯೇ ಬೇಕೆಂಬ ಹಟವಿದ್ದರೆ ಕ್ಲಚ್ಚಿನ ಹಳೆಯ ಬಿಲ್ಲುಗಳನ್ನು ಕೈಯಲ್ಲಿ ಹಿಡಿದ ಮೇಲೆಯೇ ವ್ಯವಹಾರದ ಮಾತು.

ಹಿಂದಿನ ಮಾಲೀಕನು ಗಾಡಿಗೆ ರೀಮ್ಯಾಪ್ ಮಾಡಿಸಿದ್ದಾನೆಯೇ ಎಂಬುದನ್ನೂ ತಿಳಿಯಬೇಕಾಗುತ್ತದೆ. ಎಂಜಿನ್ನನ್ನು ಆಳುವ ಪುಟ್ಟ ಕಂಪ್ಯೂಟರಿನ ಆಜ್ಞೆಗಳನ್ನು ತಿದ್ದಿ, ಟರ್ಬೊ ಇನ್ನಷ್ಟು ಗಾಳಿ ತುರುಕುವಂತೆ ಮಾಡುವ ಈ ಚಿಕಿತ್ಸೆಯಿಂದ ಇಪ್ಪತ್ತು ಮೂವತ್ತು ಅಶ್ವಗಳು ಹೆಚ್ಚಾಗುತ್ತವೆಂಬುದು ನಿಜವಾದರೂ, ಆ ಅಶ್ವಗಳ ಮೇವನ್ನು ಗೇರ್‌ಬಾಕ್ಸಿನ ಆಯುಷ್ಯದಿಂದ ಕಡಿದುಕೊಳ್ಳಲಾಗುತ್ತದೆ. ಮಾರುವ ಮುನ್ನ ಮೂಲ ಆಜ್ಞೆಗಳನ್ನು ಮರಳಿ ತುಂಬಿ ಗಾಡಿಯನ್ನು ಮತ್ತೆ ಕುಲೀನವಾಗಿಸುವುದೂ ಸಾಧ್ಯವಿರುವುದರಿಂದ, ಕಣ್ಣಿಗೆ ಕಾಣದ ಈ ಪಾಪವನ್ನು ಹೊರಗಿನ ಚಿಹ್ನೆಗಳಿಂದಲೇ ಅಳೆಯಬೇಕು: ಅಗಲವಾದ ಟೈರು, ಕತ್ತರಿಸಿದ ಸ್ಪ್ರಿಂಗು, ಊರು ಎಬ್ಬಿಸುವ ಸೈಲೆನ್ಸರು. ತಯಾರಕರು ಕೊಟ್ಟ ರೂಪವನ್ನು ಮನಬಂದಂತೆ ಬದಲಿಸುವಂತಿಲ್ಲವೆಂದು ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಹೇಳುತ್ತದೆ, 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿದಿದೆ. ಹಿಂದಿನ ಗಾಜಿನ ಮೇಲೆ ಖಡ್ಗ ಹಿಡಿದು ನಿಂತ ಸಂಗೊಳ್ಳಿ ರಾಯಣ್ಣನ ಚಿತ್ರವು ಅಭಿಮಾನವನ್ನು ತೋರಿಸೀತೇ ಹೊರತು ದಂಡದಿಂದ ರಕ್ಷಣೆ ಕೊಡಲಾರದು.

ಗಾಡಿಯನ್ನು ನೋಡಲು ಪ್ರಶಸ್ತವಾದ ಕಾಲ ಮುಂಜಾನೆ. ರಾತ್ರಿಯಿಡೀ ನಿಂತು ತಣ್ಣಗಾದ ಎಂಜಿನ್ನು ಮೊದಲ ಸಲ ಹೊತ್ತಿಕೊಳ್ಳುವಾಗ ಅದರೊಳಗಿನ ಸರಪಳಿಯ ಕಟಕಟ ಸದ್ದೋ ನೀಲಿ ಹೊಗೆಯೋ ಇದ್ದರೆ ಅದನ್ನು ಮುಚ್ಚಿಡಲಾಗದು. ನೀಲಿ ಹೊಗೆಯೆಂದರೆ ಪೆಟ್ರೋಲಿನ ಜೊತೆಗೆ ಆಯಿಲೂ ಉರಿಯುತ್ತಿದೆಯೆಂದು ಅರ್ಥ. ಕೊಳ್ಳುವವರು ಬರುವ ಮುನ್ನವೇ "ಸುಮ್ಮ ಒಂದ ರೌಂಡ್ ಹೋಗಿ ಬಂದಿದ್ನಿರಿ" ಎನ್ನುತ್ತ ಬಿಸಿ ಎಂಜಿನ್ನಿನ ಗಾಡಿಯನ್ನು ಎದುರಿಗೆ ತಂದು ನಿಲ್ಲಿಸುವವನಿಗೆ ನಮಸ್ಕಾರ ಹೇಳಿ, ಮರುದಿನ ಹೇಳದೆ ಕೇಳದೆ ಬರುವುದು ಜಾಣತನ. ಮೀಟರಿನ ಅಂಕಿಯನ್ನು ತಿರುವಿರುವ ಶಂಕೆಯಿದ್ದರೆ ಕ್ಲಚ್ ಪೆಡಲಿನ ರಬ್ಬರು, ಸ್ಟೀರಿಂಗಿನ ಸವೆತ, ಚಾಲಕನ ಆಸನದ ತಗ್ಗು ಇವು ಬೇರೆ ಅಂಕಿಯನ್ನು ಹೇಳುತ್ತವೆ. ಅಧಿಕೃತ ಸರ್ವೀಸ್ ಕೇಂದ್ರದಲ್ಲಿ ಚಾಸಿ ಸಂಖ್ಯೆ ಕೊಟ್ಟು ಹಳೆಯ ದಾಖಲೆ ಕೇಳಿದರೆ ಉಳಿದದ್ದೂ ತಿಳಿಯುತ್ತದೆ. ಬಿಡಿಭಾಗಗಳ ಪ್ರಶ್ನೆಯೂ ಇದೆ. ಫಿಯಟ್ ಕಾರುಗಳ ಮಾರಾಟ ಈ ದೇಶದಲ್ಲಿ ನಿಂತಿರುವುದರಿಂದ ಅಬಾರ್ತ್‌ನ ಒಂದು ಬಂಪರಿಗಾಗಿ ನಡೆಸುವ ಹುಡುಕಾಟವು ಹಸ್ತಪ್ರತಿ ಸಂಶೋಧನೆಯ ಮಟ್ಟಕ್ಕೆ ಏರುತ್ತದೆ, ಬಲೆನೊ ಆರ್‌ಎಸ್‌ನ ಬಹಳಷ್ಟು ಭಾಗಗಳಾದರೋ ಸಾಮಾನ್ಯ ಬಲೆನೊದವೇ ಆಗಿ ಬೆಳಗಾವಿ, ಧಾರವಾಡಗಳಲ್ಲಿ ದೊರೆಯುತ್ತವೆ. ವೇಗದಲ್ಲಿ ಅದು ಈ ಕುಲದ ಬಡ ಸದಸ್ಯನಾದರೂ, ಈ ಸೀಮೆಯ ಮಟ್ಟಿಗೆ ಅದೇ ಒಳ್ಳೆಯ ಸಂಬಂಧ.

ಕೊನೆಯದಾಗಿ ಕಾಗದಪತ್ರ. ಹೊರರಾಜ್ಯದ ಗಾಡಿಯು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಉಳಿಯುವುದಾದರೆ, ನಮೂನೆ 28 ಎಂಬ ನಿರಾಕ್ಷೇಪಣಾ ಪತ್ರವನ್ನು ತಂದು, ಕರ್ನಾಟಕದ ಆಜೀವ ತೆರಿಗೆ ಕಟ್ಟಿ, ಬೈಲಹೊಂಗಲದ ಕೆಎ 24 ಪಾಸಿಂಗ್, ಅಂದರೆ ನೋಂದಣಿ, ಪಡೆಯಬೇಕು. ಗೋವೆಯಲ್ಲಿ ಅಗ್ಗವೆಂದು ಕಂಡ ಗಾಡಿಯ ಅಗ್ಗತನ ಈ ತೆರಿಗೆಯ ಸಾಲಿನಲ್ಲಿ ಕರಗುವುದರಿಂದ, ಲೆಕ್ಕವನ್ನು ಹೆದ್ದಾರಿ ಹತ್ತುವ ಮುನ್ನವೇ ಹಾಕಬೇಕು. ಸಾಲದ ಗಾಡಿಯಾಗಿದ್ದರೆ ಸಾಲ ತೀರಿದೆಯೆಂದು ಬ್ಯಾಂಕು ಸಹಿ ಮಾಡುವ ನಮೂನೆ 35 ಇರಬೇಕು. ಮಾಲೀಕತ್ವದ ವರ್ಗಾವಣೆಗೆ 29 ಮತ್ತು 30ನೆಯ ನಮೂನೆಗಳಿದ್ದು, ಕೊಂಡವನು 30 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕೆಂಬುದು ನಿಯಮ. ಹೆಸರು ವರ್ಗವಾಗದೆ ಮೂರು ಕೈ ದಾಟಿದ ಗಾಡಿಯಿಂದ ಅಪಘಾತವೊಂದು ನಡೆದರೆ ಪರಿಹಾರದ ಹೊಣೆ ದಾಖಲೆಯಲ್ಲಿ ಹೆಸರಿರುವವನನ್ನೇ ಹುಡುಕಿಕೊಂಡು ಹೋಗುತ್ತದಾದ್ದರಿಂದ, ಮಾರುವವನಿಗೂ ಇದರಲ್ಲಿ ಅಷ್ಟೇ ಆಸಕ್ತಿ ಇರಬೇಕಾದದ್ದು ನ್ಯಾಯ. ಆದಕಾರಣ ಓದುಗರಲ್ಲಿ ವಿನಂತಿಯಿಷ್ಟೇ: ಸೈಲೆನ್ಸರಿನ ಸದ್ದನ್ನು ಎಷ್ಟು ಹೊತ್ತು ಬೇಕಾದರೂ ಆಲಿಸಿರಿ, ಹಣವನ್ನು ಮಾತ್ರ 29 ಮತ್ತು 30ನೆಯ ನಮೂನೆಗಳ ಮೇಲೆ ಮಾಲೀಕನು ನಿಮ್ಮ ಕಣ್ಣೆದುರಿಗೆ ಸಹಿ ಹಾಕಿದ ಮೇಲೆ ಕೊಡಿರಿ.