ನಾನು ಕಿವುಡನಲ್ಲ ಕಣ್ರೀ!

ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಕೊಟ್ಟಿಗೆ. ಡೇರಿಗೆ ಹೊತ್ತಾಗುತ್ತಿದೆ. ಸೀಮೆಹಸು ಬೂಸಾ ಮುಗಿಸಿ ನಿಂತಿದೆ, ಹಾಲು ಮಾತ್ರ ಇಳಿಯುತ್ತಿಲ್ಲ. ಕಾರಣ ತಿಳಿಯಲು ಕೆಚ್ಚಲೊಳಗಿನ ಆಕ್ಸಿಟೋಸಿನ್ ರಿಸೆಪ್ಟರನ್ನೇ ಮಾತಾಡಿಸಿದೆವು.

ಯಜಮಾನರು ನಿಮ್ಮನ್ನು ಸೋಮಾರಿ ಅಂತಾರಲ್ಲ?

ಅನ್ನಲಿ ಬಿಡಿ. ಕರು ಬಾಯಿ ಹಾಕಿದರೆ, ಇಲ್ಲ ಕೆಚ್ಚಲು ತೊಳೆದು ಮೊಲೆ ಸವರಿದರೆ, ಮಿದುಳಿನ ಕಡೆಯಿಂದ ಆಕ್ಸಿಟೋಸಿನ್ ಹಾರ್ಮೋನು ಹೊರಡುತ್ತೆ. ಒಂದೆರಡು ನಿಮಿಷದಲ್ಲಿ ಕೆಲಸ ಆಗುತ್ತೆ: ನಾನು ಅದನ್ನ ಹಿಡಕೊಂಡೆ ಅಂದರೆ ಹಾಲಿನ ಗೂಡುಗಳನ್ನ ಸುತ್ತಿರೋ ಕೋಶಗಳು ಹಿಂಡುತ್ತವೆ, ಹಾಲು ಇಳಿಯುತ್ತೆ. ಹೊಳೆನರಸೀಪುರದ ಹಸುವಾಗಲಿ, ಹಾಲೆಂಡಿನದಾಗಲಿ, ಇಷ್ಟೇ.

ಮತ್ತೆ ಈಗೇನಾಯ್ತು?

ಎರಡು ಹೊತ್ತೂ ಆಕ್ಸಿಟೋಸಿನ್ ಸೂಜಿ! ಹಸು ತಾನಾಗಿ ಬಿಡೋದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಹಾರ್ಮೋನು ಹೀಗೆ ಮೇಲೆ ಬೀಳುತ್ತಲೇ ಇದ್ದರೆ ಕೋಶ ತನ್ನನ್ನ ತಾನು ಕಾಪಾಡಿಕೊಳ್ಳಬೇಡವಾ? ನಮ್ಮಂಥವರಲ್ಲಿ ಕೆಲವರ ಬಾಯಿ ಕಟ್ಟುತ್ತೆ, ಕೆಲವರನ್ನ ಒಳಕ್ಕೆಳೆದು ಅರಗಿಸಿಯೇ ಬಿಡುತ್ತೆ. ಆಮೇಲೆ ಹಸುವಿನ ಸ್ವಂತ ಹಾರ್ಮೋನು ಬಂದರೂ ಸಾಲದು. ಲಂಚದ ರುಚಿ ಕಂಡ ಗುಮಾಸ್ತ ಬರೀ ಅರ್ಜಿಗೆ ತಲೆ ಎತ್ತುತ್ತಾನಾ? ಪ್ರಯೋಗ ಮಾಡಿಯೂ ನೋಡಿದ್ದಾರೆ: ದಿನಾ ಚುಚ್ಚಿ ನಿಲ್ಲಿಸಿದ ಮೇಲೆ ಕೆಚ್ಚಲು ಪೂರ್ತಿ ಬರಿದಾಗಲಿಲ್ಲ.

ಅಂದರೆ ನಿಮ್ಮ ಸಂಖ್ಯೆ ಇಳಿಯೋದೇ ಕಥೆ?

ಯಾರು ಹೇಳಿದ್ದು? ಗರ್ಭಕೋಶದಲ್ಲಿರೋ ನಮ್ಮ ದಾಯಾದಿಗಳನ್ನ ನೋಡಿ. ಈಯೋ ಹೊತ್ತು ಹತ್ತಿರ ಬಂದು ಈಸ್ಟ್ರೋಜನ್ ಏರಿದಾಗ ಅವರ ಸಂಖ್ಯೆಯೂ ಏರುತ್ತೆ. ಆದರೆ ಹೆರಿಗೆ ವಾರ್ಡಿನಲ್ಲಿ ತಾಸುಗಟ್ಟಲೆ ಆಕ್ಸಿಟೋಸಿನ್ ಡ್ರಿಪ್ ಹಾಕಿದರೆ ಅವರೂ ಮಂಕಾಗ್ತಾರೆ.

ಹಸುಗಳಿಗೆ ಹೀಗೆ ಚುಚ್ಚುತ್ತಿದ್ದರೂ ಸರ್ಕಾರ ಸುಮ್ಮನಿದೆಯೇ?

ಪಾಪ, ಸುಮ್ಮನಿಲ್ಲ. ಹಾಲಿನಾಸೆಗೆ ಹಸುವಿನ ಆರೋಗ್ಯ ಕೆಡಿಸೋ ಸೂಜಿ ಚುಚ್ಚೋದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 12ನೇ ಸೆಕ್ಷನ್ನಿನಲ್ಲೇ ಅಪರಾಧ. 2018ರಲ್ಲಿ ಕೇಂದ್ರ ಸರ್ಕಾರ, ದೇಶದೊಳಗಿನ ಬಳಕೆಗೆ ಖಾಸಗಿ ಕಂಪನಿಗಳು ಆಕ್ಸಿಟೋಸಿನ್ ಮಾಡಕೂಡದು, ಬೆಂಗಳೂರಿನ ಸರ್ಕಾರಿ ಕಂಪನಿ ಕರ್ನಾಟಕ ಆ್ಯಂಟಿಬಯೋಟಿಕ್ಸ್ ಒಂದೇ ಮಾಡಲಿ ಅಂದಿತು. ಬಾಣಂತಿಯರ ರಕ್ತಸ್ರಾವ ನಿಲ್ಲಿಸೋ ಮದ್ದೂ ಇದೇ ಅಲ್ಲವಾ? ಅದು ಅವರಿಗೆ ಸಿಗದೇ ಹೋದರೆ? ಅದೇ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟು ಆ ಆದೇಶ ರದ್ದು ಮಾಡಿತು. ನನ್ನ ಕೇಳಿದರೆ ಸರಿಯೇ. ಯಾರು ಮಾಡಿದ ಆಕ್ಸಿಟೋಸಿನ್ ಆದರೇನು, ಚುಚ್ಚೋ ಕೈ ಕೊಟ್ಟಿಗೆಯಲ್ಲೇ ಇದೆಯಲ್ಲ.

ಮತ್ತೆ ಕೆಲಸಕ್ಕೆ ಬರ್ತೀರಾ?

ಸೂಜಿ ನಿಲ್ಲಲಿ. ಕೆಲವು ದಿನ ಡೇರಿಯ ಲೆಕ್ಕದಲ್ಲಿ ಲೀಟರು ಇಳಿದೀತು, ಹಸುವಿನ ಮೇಲೆ ರೇಗಬೇಡಿ. ಅದು ಹೆದರಿದರೆ ಬರೋ ಹಾಲೂ ಬರಲ್ಲ. ಕರು ಬಿಟ್ಟು ನೋಡಿ.

ಕರು ಕಾಣಿಸ್ತಾ ಇಲ್ಲವಲ್ಲ?

ಯಜಮಾನರನ್ನೇ ಕೇಳಿ. ಗಂಡು ಅಂತ ವಾರದೊಳಗೇ ಸಾಗಹಾಕಿದರು. ಸೂಜಿ ಶುರುವಾಗಿದ್ದು ಅದರ ಮಾರನೇ ದಿನ.